ಕೊಕ್ಕಿನ ಕೆಳಗಿನ ಕಣ್ಣು

ಗಿಳಿಯ ಕಣ್ಣು ಮತ್ತೆ ಕೊಕ್ಕಿನ ಕೆಳಗೇ ಬಂದು ಕೂತಿತು. ಕಸೂತಿ ಅಂಗಡಿಯ ಯಜಮಾನಿ ಯಂತ್ರ ನಿಲ್ಲಿಸಿ ಬಟ್ಟೆ ಎತ್ತಿ ಹಿಡಿದಳು.

"ಗಲ್ಲದಲ್ಲಿ ಕಣ್ಣಿರೋ ಗಿಳೀನ ಯಾರಮ್ಮ ಕೊಂಡ್ಕೋತಾರೆ? ನಾಳೆ ಸರಿಹೋಗ್ಲಿಲ್ಲ ಅಂದ್ರೆ ನಿಮ್ಮ ಸಾಫ್ಟ್‌ವೇರ್ ನನಗೆ ಬೇಡ."

ಯಂತ್ರದ ಪಕ್ಕ ನಿಂತಿದ್ದ ಹುಡುಗಿಯ ಮುಖ ಸಣ್ಣದಾಯಿತು. ಅವಳ ಅಣ್ಣನ ಸಾಫ್ಟ್‌ವೇರ್ ಕಂಪನಿಗೆ ಉಳಿದಿದ್ದ ಗಿರಾಕಿ ಈ ಯಜಮಾನಿಯೊಬ್ಬಳೇ. ಈಕೆಯೂ ಕೈಬಿಟ್ಟರೆ ಬಾಗಿಲು ಹಾಕುವುದೇ ಸೈ.

ಕಚೇರಿಗೆ ಬಂದವಳೇ ಕಂಪ್ಯೂಟರಿನ ಮುಂದೆ ಕೂತಳು. ವಿನ್ಯಾಸದ ಫೈಲನ್ನು ಯಾವ ಕ್ರಮದಲ್ಲಿ ಓದಬೇಕೆಂದು ಯಂತ್ರಕ್ಕೆ ಹೇಳಿಕೊಡುವ ಕೋಡ್ ಅಣ್ಣ ತಂಗಿಯರದ್ದಾಗಿರಲಿಲ್ಲ. ಯಾರೋ ಪುಣ್ಯಾತ್ಮ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಬರೆದು, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಅಂತರ್ಜಾಲದಲ್ಲಿ ಇಟ್ಟಿದ್ದ. ಲೈಸೆನ್ಸಿನಲ್ಲಿ ಅವನು ಕೇಳಿದ್ದಾದರೂ ಏನು? ಇದು ಎಲ್ಲಿಗೆ ಹೋದರೂ ನನ್ನ ಹೆಸರೂ ಈ ಷರತ್ತೂ ಜೊತೆಗಿರಲಿ, ಅಷ್ಟೇ. ಅಣ್ಣ ಆ ಸಾಲುಗಳನ್ನು ಅಳಿಸಿಹಾಕಿ, ಅಕ್ಷರ ಅಕ್ಷರವೂ ನಮ್ಮದೇ ಎಂದು ಯಜಮಾನಿಯ ಮುಂದೆ ಕೊಚ್ಚಿಕೊಂಡಿದ್ದ. ತಂಗಿ ಪಕ್ಕದಲ್ಲೇ ನಿಂತಿದ್ದಳು, ತುಟಿ ಬಿಚ್ಚಿರಲಿಲ್ಲ.

ಈಗ ಅವಳು ಆ ಪುಣ್ಯಾತ್ಮನ ಪುಟ ತೆರೆದಳು. ದಾರದ ಬಣ್ಣ ಬದಲಾದಾಗ ಸೂಜಿ ಜಾಗ ತಪ್ಪುವುದನ್ನು ಅವನು ಎಂದೋ ತಿದ್ದಿಟ್ಟಿದ್ದ. ಕೆಳಗೆ ಬರೆದಿದ್ದ: ತಪ್ಪು ನನ್ನದು, ಬಳಸುತ್ತಿರುವವರೆಲ್ಲ ದಯವಿಟ್ಟು ಕ್ಷಮಿಸಿ.

"ಸಿಕ್ತಲ್ಲ! ಎತ್ತಿ ಹಾಕ್ಕೋ," ಎಂದ ಅಣ್ಣ, ಹಿಂದಿನಿಂದ ಬಗ್ಗಿ ನೋಡುತ್ತ. "ಆ ಹೆಸರು ಗಿಸರು ತೆಗೆದುಬಿಡು."

"ಈ ಸಲ ಆಗಲ್ಲ ಅಣ್ಣ."

"ಯಾರಿಗೆ ಗೊತ್ತಾಗುತ್ತೆ?"

"ಕದ್ದಿರೋದು ನಾವು, ಕ್ಷಮೆ ಕೇಳ್ತಿರೋದು ಅವನು! ನಾಚಿಕೆ ಆಗ್ತಿದೆ ನನಗೆ."

"ಆಯಮ್ಮನ ಎದುರು ನನ್ನ ಮಾನ ಕಳೀತೀಯೇನೇ?" ಅಣ್ಣನ ದನಿ ಒಡೆಯಿತು.

ಅಪ್ಪ ಹೋದಮೇಲೆ ಅವಳನ್ನು ಓದಿಸಿದವನು ಈ ಅಣ್ಣನೇ. ಆದರೂ ಹೆಸರಿನ ಸಾಲುಗಳನ್ನು ಮೊದಲು ಹಾಕಿ, ಆಮೇಲೆ ತಿದ್ದುಪಡಿಯನ್ನು ಸೇರಿಸಿದಳು. ಅಣ್ಣ ಬಾಗಿಲನ್ನು ದಢಾರನೆ ಹಾಕಿಕೊಂಡು ಹೋದ.

ಮರುದಿನ ಅಣ್ಣ ತಂಗಿ ಇಬ್ಬರೂ ಅಂಗಡಿಗೆ ಬಂದರು. ಯಂತ್ರದ ಪರದೆ ಬೆಳಗಿತು. ಕಂಪನಿಯ ಹೆಸರಿನ ಕೆಳಗೆ ಇನ್ನೊಂದು ಹೆಸರು. ಯಜಮಾನಿ ಕನ್ನಡಕ ಏರಿಸಿದಳು.

"ಇದ್ಯಾರಪ್ಪ?"

"ನಮ್ಮಲ್ಲೇ ಕೆಲಸಕ್ಕಿದ್ದವನು," ಎಂದ ಅಣ್ಣ, ತಂಗಿಯ ಕಡೆ ತಿರುಗದೆ.

ಸೂಜಿ ಟಕಟಕ ಎನ್ನುತ್ತ ಬಣ್ಣ ಬದಲಿಸಿಕೊಂಡು ಕಣ್ಣಿನ ಜಾಗಕ್ಕೆ ಸರಿಯಾಗಿ ಹೋಯಿತು. ಯಜಮಾನಿಯ ಮುಖ ಅರಳಿತು.

"ಭೇಷ್! ಒಳ್ಳೇ ಕೆಲಸಗಾರ. ಸಂಬಳ ಚೆನ್ನಾಗಿ ಕೊಟ್ರಿ ತಾನೆ?"

"ಏನೂ ಕೊಟ್ಟಿಲ್ಲಮ್ಮ," ಎಂದಳು ತಂಗಿ. "ಹೆಸರನ್ನೂ ಕೊಟ್ಟಿರಲಿಲ್ಲ."

ಯಜಮಾನಿ ಬಟ್ಟೆಯ ಮೇಲಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡು ಅಣ್ಣನನ್ನೇ ನೋಡಿದಳು. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಯಂತ್ರ ತನ್ನ ಪಾಡಿಗೆ ಗಿಳಿಯ ಕಣ್ಣನ್ನು ತುಂಬುತ್ತಿತ್ತು.