ಮೂಳೆಗಳಲ್ಲಿ ಹೊಳೆದದ್ದು

ಆ ಗುರುವಾರ ಬೆಳಿಗ್ಗೆ ಮದ್ದು ಪರೀಕ್ಷೆಯಲ್ಲಿ ನಪಾಸಾಯಿತು, ಅದೂ ಕೂದಲೆಳೆಯ ಅಂತರದಲ್ಲಿ.

"ಮದ್ದಿಗೆ ಅಂಟದೆ ಉಳಿದ ಬಿಡಿ ಫ್ಲೋರೈಡ್ ಜಾಸ್ತಿ ಇದೆ ಮೇಡಂ, ಮಿತಿ ದಾಟಿದೆ," ಎಂದು ಯಾಗ್ನಾ ಪರೀಕ್ಷೆಯ ಕಾಗದದ ಪಟ್ಟಿಯನ್ನು ಮುಂದೆ ಹಿಡಿದಳು. ಮದ್ದಿನ ಶುದ್ಧತೆ ನೋಡುವುದು ಅವಳ ಕೆಲಸ. ನೋಡಿ ಸಹಿ ಹಾಕುವುದು ಗಿಜೆಲಾ ಪಿತ್ಲಿಕ್‌ಳದು.

ಗಿಜೆಲಾ ಗಡಿಯಾರದ ಕಡೆ ನೋಡಿದಳು. ಸ್ಕ್ಯಾನಿಗೆ ಮುಂಚೆ ರೋಗಿಗೆ ಚುಚ್ಚುವ ಈ ಮದ್ದನ್ನು ಕಪಾಟಿನಲ್ಲಿಟ್ಟು ನಾಳೆ ಕೊಡುವಂತಿಲ್ಲ. ಅದಕ್ಕೆ ಅಂಟಿಸಿದ ಫ್ಲೋರಿನ್ನಿನ ವಿಕಿರಣ, ಮದ್ದು ತಯಾರಾದ ಗಳಿಗೆಯಿಂದಲೇ ಕರಗತೊಡಗುತ್ತದೆ, ಸಂಜೆಯ ಹೊತ್ತಿಗೆ ಅದು ಬರೀ ಉಪ್ಪುನೀರು. ಪಕ್ಕದ ಆಸ್ಪತ್ರೆಯಲ್ಲಿ ಮೂವರು ಆಗಲೇ ಕೈನರಕ್ಕೆ ಸೂಜಿ ಕೂರಿಸಿಕೊಂಡು ಮದ್ದಿಗಾಗಿ ಕಾಯುತ್ತಿದ್ದರು. ನಪಾಸಾದರೆ ಚೆಲ್ಲಬೇಕು, ಯಾಕೆ ಕೆಟ್ಟಿತೆಂದು ಹುಡುಕಬೇಕು ಎಂಬುದು ನಿಯಮ. ಆ ನಿಯಮವನ್ನು ಬರೆದವರ ಪೈಕಿ ಗಿಜೆಲಾಳೂ ಒಬ್ಬಳು.

"ಇನ್ನೊಂದ್ಸಲ ಮಾಡು," ಎಂದಳು. "ಪಟ್ಟಿ ಒದ್ದೆ ಆಗಿತ್ತೇನೋ."

"ಒದ್ದೆ ಆಗಿರ್ಲಿಲ್ಲ ಮೇಡಂ."

"ಮಾಡು ಅಂದೆನಲ್ಲ."

ಎರಡನೆಯ ಪಟ್ಟಿ ಪಾಸಾಯಿತು, ಅದೂ ಕೂದಲೆಳೆಯ ಅಂತರದಲ್ಲೇ. ಗಿಜೆಲಾ ಅದಕ್ಕೆ ಸಹಿ ಹಾಕಿ, ಮೊದಲನೆಯದನ್ನು ಕಸದ ಡಬ್ಬಿಗೆ ಹಾಕಿದಳು. ಯಾಗ್ನಾ ಮುಖ ತಿರುಗಿಸಿಕೊಂಡು ಕೈಗವಸು ಬಿಚ್ಚಿದಳು.

ಗಿಜೆಲಾ ಕೆಟ್ಟವಳಲ್ಲ. ಮೂವತ್ತು ವರ್ಷ ಸೀಸದ ಗೋಡೆಯ ಹಿಂದೆ ನಿಂತು, ಯಂತ್ರದ ಕೈಗಳಿಂದ ಸೀಸೆ ಎತ್ತಿಳಿಸಿ ಬೆನ್ನು ಬಗ್ಗಿಸಿಕೊಂಡವಳು. ಅವಳ ಮೊದಲ ಮದ್ದು ಕ್ಯಾನ್ಸರನ್ನು ಹುಡುಕಿಕೊಂಡು ಹೋಗುವ ಬದಲು ಪಿತ್ತಕೋಶದಲ್ಲಿ ಹೋಗಿ ಕೂತಿತು. ಅದರಲ್ಲಿ ಒಂಬತ್ತು ವರ್ಷ ಹೋಯಿತು. ಎರಡನೆಯದು ಇಲಿಗಳಲ್ಲಿ ಸೊಗಸಾಗಿ ಹೊಳೆದು, ಮನುಷ್ಯರ ರಕ್ತದಲ್ಲಿ ಚೂರುಚೂರಾಯಿತು. ಈ ಮೂರನೆಯದು ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ಗಂಡಸರ ಪ್ರೋಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆಯೋ ಅಲ್ಲಿ ಹೋಗಿ ಅಂಟಿಕೊಳ್ಳುತ್ತಿತ್ತು, ಸ್ಕ್ಯಾನಿನಲ್ಲಿ ಅಲ್ಲಿ ಬೆಳಕು ಕಾಣುತ್ತಿತ್ತು. ಇನ್ನು ಕೆಲವೇ ರೋಗಿಗಳ ಮೇಲಿನ ಪ್ರಯೋಗ ಮುಗಿದರೆ ಸರ್ಕಾರದ ಒಪ್ಪಿಗೆ ಸಿಗುವುದರಲ್ಲಿತ್ತು, ಆಮೇಲೆ ನಿವೃತ್ತಿ. ಒಂದು ಬೆಳಗಿನ ಮದ್ದು ಚೆಲ್ಲುವುದಕ್ಕೆ ಅವಳಿಗೆ ಕೈ ಬರಲಿಲ್ಲ, ಅಷ್ಟೇ. ಅಷ್ಟೇ ಎಂದು ಅವಳೂ ಅಂದುಕೊಂಡಳು.

ಆ ಮೂವರಲ್ಲಿ ಒಬ್ಬ ಅವಳ ನೆರೆಮನೆಯವನೇ, ಅಲೊಯ್ಜ್ ಕಾಂಜಾ. ಗಣಿಯಿಂದ ನಿವೃತ್ತನಾದವನು, ಹೆಂಡತಿ ಸತ್ತು ಬಹಳ ಕಾಲವಾಗಿತ್ತು. ಕೆಂಪು ಇಟ್ಟಿಗೆಯ ಮನೆಸಾಲಿನ ಹಿತ್ತಿಲಲ್ಲಿ ಅವನ ಪಾರಿವಾಳದ ಗೂಡಿತ್ತು. ಅವೆಲ್ಲ ಪಂದ್ಯದ ಪಾರಿವಾಳಗಳು, ಬೆಲ್ಜಿಯಮ್ಮಿನಲ್ಲಿ ಬಿಟ್ಟರೂ ಸಿಲೇಸಿಯಾದ ಗಣಿಸೀಮೆಯ ಆ ಹಿತ್ತಿಲಿಗೇ ಬಂದಿಳಿಯುವಂಥವು. ಅವನಿಗೆ ಕ್ಯಾನ್ಸರ್ ಎಂದು ಗೊತ್ತಾದಾಗ ಗಿಜೆಲಾಳೇ ಅವನನ್ನು ಹೊಸ ಸ್ಕ್ಯಾನಿಗೆ ಒಪ್ಪಿಸಿದ್ದಳು.

"ಬೆಳಿಗ್ಗೆ ಏಳಕ್ಕಾ? ಆಗಲ್ಲ ಕಣಮ್ಮ. ಕಾಳು ಯಾರು ಹಾಕ್ತಾರೆ ಅವಕ್ಕೆ?" ಎಂದು ಅವನು ತಕರಾರು ತೆಗೆದಿದ್ದ.

"ಒಂದಿನ ತಡವಾಗಿ ತಿಂದ್ರೆ ನಿಮ್ಮ ಪಾರಿವಾಳ ಸಾಯಲ್ಲ ಅಲೊಯ್ಜ್. ಮದ್ದು ಮಾಡೋಳು ನಾನೇ, ಹೆದರ್ಬೇಡಿ ಬನ್ನಿ," ಎಂದು ಅವಳು ನಕ್ಕಿದ್ದಳು.

ಸೋಮವಾರ ಡಾಕ್ಟರ್ ತಿಮೊನ್ ಫೋನು ಮಾಡಿದ. ಸ್ಕ್ಯಾನ್ ಓದುವವನು ಅವನೇ. ಹುಡುಗನಂತೆ ಹಿಗ್ಗಿದ್ದ.

"ನಿಮ್ಮ ಮದ್ದು ಅದ್ಭುತ ಗಿಜೆಲಾ. ಹಳೇ ಸ್ಕ್ಯಾನಿಗೆ ಕಾಣದ್ದನ್ನ ಹಿಡಿದು ತೋರಿಸ್ತು. ಗುರುವಾರದ ಮೂವರಿಗೂ ಮೂಳೆಗೆ ಹರಡಿಬಿಟ್ಟಿದೆ. ಬೆನ್ನುಮೂಳೆ, ಪಕ್ಕೆಲುಬು, ಎಲ್ಲ ದೀಪ ಹಚ್ಚಿದ ಹಾಗಿದೆ. ಆಪರೇಷನ್ ಮಾಡಿದ್ರೆ ಸುಮ್ನೆ ಕೊಯ್ದ ಹಾಗಾಗ್ತಿತ್ತು. ಮೂರೂ ರದ್ದು ಮಾಡಿಸಿದೆ."

ಗಿಜೆಲಾ ಮನಸ್ಸಿನಲ್ಲೇ ಗುರುವಾರದ ಸೀಸೆಯನ್ನು ನೆನೆದಳು. ಒಬ್ಬರಿಗೆ ಹರಡಿದ್ದರೆ ಅದು ರೋಗ. ಒಂದೇ ಸೀಸೆಯಿಂದ ಮದ್ದು ಹೋದ ಮೂವರಿಗೂ ಒಂದೇ ರೀತಿ ಹೊಳೆದಿದ್ದರೆ ಅದು ಸೀಸೆಯ ದೋಷ. ಮದ್ದಿನಿಂದ ಕಳಚಿಕೊಂಡ ಬಿಡಿ ಫ್ಲೋರೈಡು ಕ್ಯಾನ್ಸರನ್ನು ಹುಡುಕುವುದಿಲ್ಲ, ನೆಟ್ಟಗೆ ಮೂಳೆಗೆ ಹೋಗಿ ಕೂರುತ್ತದೆ. ಪರೀಕ್ಷೆಯ ಹೊತ್ತಿಗೆ ಮಿತಿಯ ಅಂಚಿನಲ್ಲಿದ್ದದ್ದು ಸೀಸೆಯೊಳಗೆ ಕಳಚುತ್ತಲೇ ಹೋಗಿರಬೇಕು.

"ಗಿಜೆಲಾ? ಕೇಳಿಸ್ತಾ ಇದೆಯಾ?"

"ಹ್ಞೂಂ. ಸಂತೋಷ," ಎಂದಳು ಅವಳು. ಸಂತೋಷ ಎಂಬ ಆ ಮಾತು ಆಮೇಲೆ ವಾರವಿಡೀ ಅವಳನ್ನು ತಿಂದುಹಾಕಿತು.

ಸೀಸೆಯಲ್ಲಿ ಉಳಿದದ್ದನ್ನು ಮತ್ತೆ ಪರೀಕ್ಷಿಸಲು ಬರುತ್ತಿರಲಿಲ್ಲ, ಅದರ ವಿಕಿರಣ ಗುರುವಾರವೇ ಆರಿಹೋಗಿತ್ತು. ಕಸ ಸುಟ್ಟಾಗಿತ್ತು. ಯಾಗ್ನಾ ಬಾಯಿ ಬಿಡುವವಳಲ್ಲ. ಹಾಗಾಗಿ ಹೇಳಿದರೆ ಗಿಜೆಲಾಳೇ ಹೇಳಬೇಕು, ಹೇಳಿದರೆ ಮೂರನೆಯ ಮದ್ದೂ ಮುಗಿದ ಹಾಗೆ. ನಿಜವಾಗಿಯೂ ಹರಡಿರಲೂಬಹುದಲ್ಲ ಎಂದು ಮಂಗಳವಾರ ಅಂದುಕೊಂಡಳು. ಮುಂದಿನ ತಿಂಗಳು ಹೇಗೂ ಇನ್ನೊಮ್ಮೆ ನೋಡುತ್ತಾರಲ್ಲ ಎಂದು ಬುಧವಾರ ಅಂದುಕೊಂಡಳು. ಇಷ್ಟು ಓದಿದ ಹೆಂಗಸು ಇಷ್ಟು ಬಡಕಲು ನೆಪಗಳಿಗೆ ಜೋತುಬಿದ್ದಳೆಂದರೆ ನೋಡಿ. ಅಲೊಯ್ಜ್ ಎದುರಾದಾನೆಂದು ಕತ್ತಲಾದ ಮೇಲೆ ಮನೆ ಸೇರತೊಡಗಿದಳು. ಕಿಟಕಿಗೆ ಪರದೆ ಎಳೆದಳು. ತನ್ನ ಮೇಲೆ ತನಗೇ ಹೇಸಿಗೆ ಹುಟ್ಟಿತು, ಆದರೂ ಫೋನಿನತ್ತ ಕೈ ಹೋಗಲಿಲ್ಲ.

ಭಾನುವಾರ ಮಧ್ಯಾಹ್ನ ಅಲೊಯ್ಜ್ ತಾನಾಗಿಯೇ ಬಂದು ಬಾಗಿಲು ತಟ್ಟಿದ. ಇಗರ್ಜಿಗೆ ಹೋಗುವ ಕೋಟು ಹಾಕಿಕೊಂಡು, ಬಟ್ಟೆ ಸುತ್ತಿದ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಸೂಪು ಕಣಮ್ಮ, ನಿನಗೆ. ಶಾವಿಗೆ ನಾನೇ ಹೊಸೆದದ್ದು, ಸ್ವಲ್ಪ ದಪ್ಪ ಆಗಿದೆ, ಬೈಬೇಡ." ಮೇಜಿನ ಮೇಲಿಟ್ಟು ಕುಳಿತ. "ನೀನಿಲ್ದಿದ್ರೆ ಸುಮ್ನೆ ನನ್ನ ಹೊಟ್ಟೆ ಕೊಯ್ದು ಹೊಲಿದಿರೋರು. ನಿಜ ಏನು ಅಂತ ಗೊತ್ತಾಯ್ತಲ್ಲ, ಅದೇ ದೊಡ್ಡದು. ಗಣಿಯಲ್ಲಿ ಜೊತೆಗಿದ್ದ ನಮ್ಮ ಎರಿಕ್‌ಗೂ ಮೂಳೆಗೇ ಬಂದಿತ್ತು, ಒಂದು ಚಳಿಗಾಲ ದಾಟ್ಲಿಲ್ಲ. ನಾನೂ ಎಲ್ಲ ಒಪ್ಪ ಮಾಡ್ತಾ ಇದೀನಿ."

ಮುಚ್ಚಳ ತೆಗೆದಾಗ ಹಬೆಯೊಂದಿಗೆ ಘಮ ಎದ್ದಿತು. ಅದು ಕೋಳಿಯದಲ್ಲ.

"ಅಲೊಯ್ಜ್, ಇದು ಯಾವುದರ ಸೂಪು?"

"ಮರಿಗಳನ್ನ ನನ್ನ ತಂಗಿ ಮಗ ತಗೊಂಡು ಹೋದ, ರಿಬ್ನಿಕ್‌ಗೆ. ಮರಿ ಆದ್ರೆ ಹೊಸ ಗೂಡಿಗೆ ಒಗ್ಗಿಕೊಳ್ತಾವೆ. ಹಳೇವು ಒಗ್ಗಲ್ಲ. ಎಲ್ಲಿಗೆ ಕೊಟ್ರೂ ಹಾರಿ ವಾಪಸ್ ಇಲ್ಲಿಗೇ ಬರ್ತಾವೆ. ಬಂದು, ಮುಚ್ಚಿದ ಗೂಡಿನ ಮುಂದೆ ಕೂತ್ಕೊಳ್ತಾವೆ. ಬಾಗಿಲು ತೆಗೆಯೋನು ಇರಲ್ವಲ್ಲ." ಅವನು ತನ್ನ ದಪ್ಪ ಬೆರಳುಗಳನ್ನು ನೋಡಿಕೊಂಡ. "ಕಾಳಿನ ಡಬ್ಬಿ ಅಲ್ಲಾಡಿಸಿದೆ, ತಾವಾಗೇ ಕೈಗೆ ಬಂದ್ವು. ಅದೊಂದೇ ಸ್ವಲ್ಪ ಕಷ್ಟ ಆಯ್ತು."

ಗಿಜೆಲಾ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನಿಮ್ಮ ಮೂಳೆಗೆ ಏನೂ ಆಗಿಲ್ದೆ ಇರಬಹುದು," ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ನಪಾಸಾದ ಮೊದಲ ಪಟ್ಟಿ, ಎರಡನೆಯ ಪಟ್ಟಿ, ಸೋಮವಾರದ ಫೋನು, ಇಡೀ ವಾರ ಬಾಯಿ ಮುಚ್ಚಿಕೊಂಡಿದ್ದದ್ದು. ಅಳಬಾರದೆಂದು ಹಟ ಹಿಡಿದು ಹೇಳಿದಳು, ಅಳುವುದಕ್ಕೆ ತನಗೇನು ಹಕ್ಕಿದೆ ಎಂದು.

ಅಲೊಯ್ಜ್ ಬೆರಳು ಮಡಿಸಿ ದಿನ ಎಣಿಸಿದ.

"ಸೋಮವಾರನೇ ಗೊತ್ತಿತ್ತಾ?" ಎಂದ.

"ಗೊತ್ತಿತ್ತು."

"ನಾನು ಶುಕ್ರವಾರ ಅವನ್ನ ಕೊಂದದ್ದು."

ಅವನು ಪಾತ್ರೆಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ.

"ಡಾಕ್ಟ್ರಿಗೆ ಫೋನ್ ಮಾಡು. ನಾನಿಲ್ಲೇ ಕೂತಿರ್ತೀನಿ."

ಅವನೆದುರೇ ಮಾಡಿದಳು. ಅತ್ತಲಿಂದ ತಿಮೊನ್ ಮೊದಲು ನಂಬಲಿಲ್ಲ, ಆಮೇಲೆ ಕೂಗಾಡಿದ, ಆಮೇಲೆ ತಣ್ಣನೆಯ ದನಿಯಲ್ಲಿ ಮೂವರ ಹೆಸರನ್ನೂ ಮತ್ತೊಮ್ಮೆ ಹೇಳಿಸಿಕೊಂಡ. ಫೋನಿಟ್ಟಾಗ ಅಲೊಯ್ಜ್ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಿದ್ದ. ಹಾಗೇ ಬಾಗಿಲು ದಾಟಿ ಹೋದ. ಅವನು ನಾಲ್ಕು ಮಾತು ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

ಆ ವಾರವೇ ಮದ್ದಿನ ಪ್ರಯೋಗ ನಿಂತಿತು. ವಿಚಾರಣೆಗೆ ಬಂದವರು ಗಿಜೆಲಾಳ ಕೀಲಿಕೈ ಇಸಿದುಕೊಂಡರು. ಮೂವತ್ತು ವರ್ಷದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿದರೂ ಅವಳಿಗೆ ಅದು ತಟ್ಟಲೇ ಇಲ್ಲ, ಮನಸ್ಸೆಲ್ಲ ಎಂಆರ್‌ಐ ಕೋಣೆಯ ಬಾಗಿಲಲ್ಲಿತ್ತು. ಮೂವರನ್ನೂ ಅಲ್ಲಿ ಹೊಸದಾಗಿ ನೋಡಿದರು. ಒಬ್ಬನಿಗೆ ನಿಜಕ್ಕೂ ಮೂಳೆಗೆ ಹರಡಿತ್ತು. ಇನ್ನೊಬ್ಬನ ಮತ್ತು ಅಲೊಯ್ಜನ ಮೂಳೆಗಳಲ್ಲಿ ಏನೂ ಇರಲಿಲ್ಲ.

ಫಲಿತಾಂಶದ ದಿನ ಅವಳು ಯಾರೂ ಕರೆಯದಿದ್ದರೂ ಹೋಗಿ ಮೊಗಸಾಲೆಯ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಅಲೊಯ್ಜ್ ಅವಳನ್ನು ನೋಡಿದ, ಹೋಗೆಂದೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ತಿಮೊನ್ ಬಾಗಿಲಿಗೆ ಬಂದು ಅವನ ಭುಜ ಹಿಡಿದುಕೊಂಡ.

"ಆಪರೇಷನ್ ಮಾಡಬಹುದು. ಪೂರ್ತಿ ವಾಸಿ ಆಗೋ ಸಂಭವ ಚೆನ್ನಾಗಿದೆ. ಮಂಗಳವಾರ ಇಟ್ಕೊಳ್ಳೋಣ. ಆದ್ರೆ ಬೆಳಿಗ್ಗೆ ಆರಕ್ಕೇ ಬಂದು ದಾಖಲಾಗ್ಬೇಕು. ತೀರಾ ಬೇಗ ಆಯ್ತಾ ನಿಮಗೆ?"

"ಇಲ್ಲ ಬಿಡಿ," ಎಂದ ಅಲೊಯ್ಜ್, ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ. "ಎಷ್ಟೊತ್ತಿಗೆ ಬೇಕಾದ್ರೂ ಬರ್ತೀನಿ. ಈಗ ಬೆಳಿಗ್ಗೆ ಯಾರಿಗೂ ಕಾಳು ಹಾಕೋದಿಲ್ಲ."