ಎರಡು ಗುಟುಕು

ಹಿಂದೆ ಬರುತ್ತಿದ್ದ ಹೆಜ್ಜೆಯ ಸದ್ದು ಬದಲಾಗಿತ್ತು. ಇಷ್ಟು ಹೊತ್ತು ಟಪ್ ಟಪ್ ಎಂದು ಒಂದೇ ಸಮ ಬೀಳುತ್ತಿದ್ದ ಕಾಲು ಈಗ ಡಾಂಬರನ್ನು ಉಜ್ಜುತ್ತಿತ್ತು. ಪುಷ್ಪಾ ಓಡುತ್ತಲೇ ಕತ್ತು ತಿರುಗಿಸಿದಳು.

“ದುರ್ಗಕ್ಕಾ, ಸುಸ್ತಾಯ್ತಾ? ನಡಿಯೋಣ್ವಾ?”

“ಸುಸ್ತು ನಿಮ್ಮತ್ತೆಗೆ,” ಎಂದಳು ದುರ್ಗಮ್ಮ. “ಮುಂದೆ ನೋಡ್ಕೊಂಡು ಹೋಗೇ ಮಾರಾಯ್ತಿ.”

ಬೈಗುಳದಲ್ಲಿ ಖಾರ ಇತ್ತು. ಖಾರ ಇದ್ದ ಮೇಲೆ ಚಿಂತೆಯಿಲ್ಲ ಎಂದುಕೊಂಡು ಪುಷ್ಪಾ ಮುಂದೆ ನೋಡಿದಳು.

ಏಪ್ರಿಲ್ ಕೊನೆಯ ವಾರ. ದಿನಾ ಐದೂವರೆಗೆ ಭದ್ರಾವತಿ ಬಿಟ್ಟು, ಬಿಸಿಲು ಏಳುವುದರೊಳಗೆ ಮಾಚೇನಹಳ್ಳಿ ಮುಟ್ಟಿ, ಬಸ್ಸು ಹಿಡಿದು ವಾಪಸಾಗುವುದು ಇಬ್ಬರ ರೂಢಿ. ಇವತ್ತು ದುರ್ಗಮ್ಮನ ಬೀದಿಗೆ ಮೂರು ದಿನದ ಮೇಲೆ ನಲ್ಲಿ ನೀರು ಬಂದಿತ್ತು. ಡ್ರಮ್ಮು, ಕೊಡ, ಬಕೆಟ್ಟು, ಕೊನೆಗೆ ಸಾರಿನ ಪಾತ್ರೆಯವರೆಗೆ ಎಲ್ಲ ತುಂಬಿಸಿ ಅವಳು ಹೊರಬೀಳುವಾಗ ಎಂಟೂವರೆ. “ಇವತ್ತೊಂದಿನ ಬಿಡೋಣ” ಎಂದಿದ್ದಳು. ಪುಷ್ಪಾ ಬಿಡಲಿಲ್ಲ. ಅರವತ್ತು ದಾಟಿದವರ ಓಟಕ್ಕೆ ಇನ್ನು ಹದಿನೈದೇ ದಿನ. ಅಂಚೆ ಕಚೇರಿಯಿಂದ ನಿವೃತ್ತಳಾದ ಮೇಲೆ ತಾನು ಓಡುವುದನ್ನು ಕಲಿತು, ಮೂವತ್ತು ವರ್ಷ ಅಂಗನವಾಡಿಯ ಚಾಪೆಯ ಮೇಲೆ ಕೂತು ಮಂಡಿ ಹಿಡಿದಿದ್ದ ದುರ್ಗಮ್ಮನನ್ನು ರಸ್ತೆಗೆ ಎಬ್ಬಿಸಿಕೊಂಡು ಬಂದವಳು ಅವಳೇ.

ಕಾರ್ಖಾನೆಗಳ ತಗಡಿನ ಚಾವಣಿಗಳು ದೂರದಲ್ಲಿ ಹೊಳೆಯತೊಡಗಿದಾಗ ಹಿಂದಿನಿಂದ ಮಾತು ಕೇಳಿತು.

“ಪುಷ್ಪಾ, ಚಳಿ ಅಲ್ವೇನೆ?”

ತಮಾಷೆಯೆಂದು ಪುಷ್ಪಾ ನಕ್ಕಳು. ನಕ್ಕು ತಿರುಗಿದವಳು ಹಾಗೇ ನಿಂತಳು. ಅವಳ ಬೆನ್ನು ತೊಯ್ದು ತೊಪ್ಪೆಯಾಗಿತ್ತು. ದುರ್ಗಮ್ಮನ ಕೆಂಪೇರಿದ ಮುಖದಲ್ಲಿ ಒಂದು ಹನಿ ಬೆವರಿರಲಿಲ್ಲ. ಕತ್ತಿನವರೆಗೂ ಜಿಪ್ ಎಳೆದ ತುಂಬುತೋಳಿನ ಜಾಕೆಟ್ಟಿನೊಳಗೆ ಅವಳು ಸಣ್ಣಗೆ ನಡುಗುತ್ತಿದ್ದಳು.

“ಮೊಟ್ಟೆ ಬಂತಾ ನೋಡು. ಮಕ್ಕಳು ಆಗ್ಲಿಂದ ಕಾಯ್ತಿದಾವೆ.”

“ಯಾವ ಮಕ್ಕಳೇ ಅಕ್ಕಾ?”

ದುರ್ಗಮ್ಮ ಅವಳನ್ನು ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿ, ರಸ್ತೆಯ ಅಂಚಿಗೆ ಕುಸಿದಳು.

ಹಿಡಿದ ಕೈ ಕಾದ ಹೆಂಚಿನ ಹಾಗಿತ್ತು. ಪುಷ್ಪಾ ತನ್ನ ಬಾಟಲಿಯನ್ನು ಅಲ್ಲಾಡಿಸಿದಳು, ಬರಿದಾಗಿತ್ತು. ದುರ್ಗಮ್ಮನ ಸೊಂಟದ ಚೀಲದಿಂದ ಅವಳ ಬಾಟಲಿ ಎಳೆದಳು. ಕತ್ತಿನವರೆಗೆ ತುಂಬಿದ್ದು ತುಂಬಿದ್ದಂತೆಯೇ ಇತ್ತು.

“ಒಂದು ಗುಟುಕೂ ಕುಡಿದಿಲ್ವೇನೆ?”

“ಇಲ್ಲೆಲ್ಲಿ ಕೂರೋದು?” ಎಂದು ಗೊಣಗಿತು ದುರ್ಗಮ್ಮನ ಒಣಗಿದ ಬಾಯಿ.

ಅದು ಪುಷ್ಪಳದ್ದೇ ಮಾತು. ಶುರುವಿನಲ್ಲಿ ಒಂದು ದಿನ ದುರ್ಗಮ್ಮ ತಡೆಯಲಾರದೆ ಲಂಟಾನ ಪೊದೆಯ ಮರೆಗೆ ಹೋಗಿದ್ದಾಗ ಲಾರಿಯವನೊಬ್ಬ ನಿಧಾನಿಸಿ, ಹಾರನ್ ಒತ್ತಿ, ನಕ್ಕು ಹೋಗಿದ್ದ. ಅವತ್ತು ಬಸ್ಸಿನಲ್ಲಿ ಅವಳು ತಲೆಯೆತ್ತಿರಲಿಲ್ಲ. “ಹೊರಡೋವಾಗ ಎರಡು ಗುಟುಕು, ದಾರೀಲಿ ಎರಡು ಗುಟುಕು. ಜಾಸ್ತಿ ಕುಡಿದ್ರೆ ಇಲ್ಲೆಲ್ಲಿ ಕೂರ್ತೀಯಾ?” ಎಂದು ಪುಷ್ಪಾ ಬುದ್ಧಿ ಹೇಳಿದ್ದಳು. ಆ ಎರಡನ್ನೂ ಇವಳು ಯಾವತ್ತಿನಿಂದ ಬಿಟ್ಟಿದ್ದಳೋ.

ಪುಷ್ಪಾ ರಸ್ತೆಯ ನಡುವೆ ಎರಡೂ ಕೈ ಎತ್ತಿ ನಿಂತು ಕೂಗಿದಳು. ಎರಡು ಕಾರು ಪಕ್ಕಕ್ಕೆ ಸರಿದು ಹೋದವು. ಎದುರಿನ ವೆಲ್ಡಿಂಗ್ ಶೆಡ್ಡಿನಿಂದ ಸತೀಶ್ ಎಂಬವನು, ಅವನ ಹಿಂದೆ ಇನ್ನಿಬ್ಬರು ಓಡಿ ಬಂದರು. ದುರ್ಗಮ್ಮನನ್ನು ಹೊತ್ತು ಶೆಡ್ಡಿನ ನೆರಳಿಗೆ ತಂದರು. ಪುಷ್ಪಾ ಬಾಟಲಿಯನ್ನು ಅವಳ ಬಾಯಿಗೆ ಹಿಡಿಯಹೋದಳು.

“ಬಾಯಿಗೆ ಬೇಡಿ ಅಮ್ಮಾ, ನೆತ್ತಿಗೇರುತ್ತೆ. ಮೈಗೆ ಬಿಡೋಣ. ಆಂಬುಲೆನ್ಸ್‌ಗೆ ಫೋನ್ ಆಗಿದೆ,” ಎಂದ ಸತೀಶ್, ಪೈಪು ಎಳೆಯುತ್ತ. “ಆ ಕೋಟು ತೆಗೀರಿ.”

ಪುಷ್ಪಳ ಕೈ ಜಿಪ್ಪಿನ ಮೇಲೆ ನಿಂತಿತು. ಒಳಗೆ ಬರೀ ಒಳರವಿಕೆ. ಗಂಡ ಸತ್ತ ಮೇಲೆ ವೈದ್ಯರ ಮುಂದೆಯೂ ಸೆರಗು ಸರಿಸದವಳು ಇವಳು.

ಸತೀಶನಿಗೆ ಏನನ್ನಿಸಿತೋ, ಪೈಪನ್ನು ಪುಷ್ಪಳ ಕೈಗೆ ಕೊಟ್ಟು, “ಏ, ತಾಡಪಾಲು ಹಿಡೀರ್ರೋ,” ಎಂದ. ಮೂವರೂ ತಾಡಪಾಲನ್ನು ಅಡ್ಡ ಹಿಡಿದು ರಸ್ತೆಯ ಕಡೆ ಮುಖ ಮಾಡಿ ನಿಂತರು. ಪುಷ್ಪಾ ಜಿಪ್ ಇಳಿಸಿದಳು. ನೆತ್ತಿ, ಕತ್ತು, ಕಂಕುಳು, ಹೊಟ್ಟೆ ಎಂದು ನೀರು ಬಿಟ್ಟಳು. “ಅಕ್ಕಾ, ಬೈಯೇ. ಒಂದ್ಸಲ ಬೈಯೇ ನನ್ನ,” ಎನ್ನುತ್ತಲೇ ಇದ್ದಳು. ದುರ್ಗಮ್ಮ ಬೈಯಲಿಲ್ಲ. ಆಂಬುಲೆನ್ಸ್ ಬರುವ ಹೊತ್ತಿಗೆ ಕಣ್ಣು ಮಾತ್ರ ತೆರೆದಿದ್ದಳು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಎರಡು ಬಾಟಲಿ ಗ್ಲೂಕೋಸು ಇಳಿದವು. ಮಧ್ಯಾಹ್ನಕ್ಕೆ ದುರ್ಗಮ್ಮ ಹೆಸರು ಹೇಳಿದಳು, ಊರು ಹೇಳಿದಳು, ಮನೆಯಲ್ಲಿ ನಲ್ಲಿ ನಿಲ್ಲಿಸಿದೆನೋ ಇಲ್ಲವೋ ಎಂದು ಪೇಚಾಡಿದಳು. ಪುಷ್ಪಳಿಗೆ ಜೀವ ಬಂದಂತಾಯಿತು. ಆದರೆ ನರ್ಸು ಬಂದು ಬಂದು ಒಂದೇ ಮಾತು ಕೇಳುತ್ತಿದ್ದಳು.

“ಮೂತ್ರ ಆಯ್ತಾ ಆಂಟಿ?”

“ಇಲ್ಲಮ್ಮ.”

“ಕಿಡ್ನಿಗೆ ಏಟು ಬಿದ್ದಿದೆಯೋ ಏನೋಂತ ಡಾಕ್ಟ್ರು ಅದಕ್ಕೇ ಕಾಯ್ತಿದಾರೆ. ಆದ ತಕ್ಷಣ ಹೇಳಿ.”

ಎರಡು ಗಂಟೆಗೂ ಇಲ್ಲ, ಮೂರಕ್ಕೂ ಇಲ್ಲ. ಮೂರನೆಯ ಬಾಟಲಿ ಹಾಕಿದರು. ಪುಷ್ಪಾ ಹೊರಗೆ ಹೋಗಿ ಏನನ್ನೂ ತಿನ್ನದೆ ವಾಪಸು ಬಂದಳು. ನಾಲ್ಕೂವರೆಗೆ ದುರ್ಗಮ್ಮ ಅವಳ ತೋಳು ಹಿಡಿದು, ಪಕ್ಕದ ಮಂಚದವರಿಗೆ ಕೇಳದ ಹಾಗೆ, “ಏಳಿಸು,” ಎಂದಳು.

ಬಾಟಲಿಯನ್ನು ಒಂದು ಕೈಯಲ್ಲಿ ಮೇಲೆತ್ತಿ ಹಿಡಿದು, ಇನ್ನೊಂದರಲ್ಲಿ ಅವಳನ್ನು ಹಿಡಿದು, ಪುಷ್ಪಾ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತ ಶೌಚಾಲಯಕ್ಕೆ ಕರೆದೊಯ್ದಳು.

“ಬಾಗಿಲು ಹಾಕು.”

“ಟ್ಯೂಬು ಸಿಕ್ಕಾಕ್ಕೊಳ್ಳುತ್ತೆ ಅಕ್ಕಾ.”

“ಹಂಗಾದ್ರೆ ಆ ಕಡೆ ತಿರುಗು. ಕೇಳಿಸ್ಕೋಬೇಡ.”

ಪುಷ್ಪಾ ಗೋಡೆಯ ಕಡೆ ತಿರುಗಿದಳು. ಒಳಗೆ ಬಳೆ ಸದ್ದಾಯಿತು. ಆಮೇಲೆ ಏನೂ ಇಲ್ಲ. ವಾರ್ಡಿನಲ್ಲಿ ಯಾರೋ ಕೆಮ್ಮಿದರು, ಯಾರದೋ ಮೊಬೈಲು ಹೊಡೆದುಕೊಂಡು ಸುಮ್ಮನಾಯಿತು. ಆಮೇಲೆ ಸಣ್ಣಗೆ, ಶುರುವಾಗಿ, ನಿಂತು, ಮತ್ತೆ ಶುರುವಾಗಿ, ಆ ಸದ್ದು.

“ಕೇಳಿಸ್ತೇನೆ?”

“ಇಲ್ಲ,” ಎಂದಳು ಪುಷ್ಪಾ, ಗೋಡೆಗೆ ಹಣೆ ಒತ್ತಿಕೊಂಡು.