ಮೇಲೆ ಅಲೆ, ಪಕ್ಕ ನೂಲು

ಕೆಂಪು — ಅಲ್ಲ, ಕೆಂಪೂ ಅಲ್ಲ, ಎಳೆಗೂಸಿನ ಅಂಗಾಲಿನ ಬಣ್ಣ, ಬೇಲಿಯ ಚಿಗುರಿನ ತುದಿಗೆ ಇಂಥದೊಂದು ಬಣ್ಣವಿತ್ತಲ್ಲ, ಎಲ್ಲಿ ಹೋಗಿತ್ತು ಇದು ಇಷ್ಟು ವರ್ಷ, ಉದ್ಯಾನದ ಗೇಟಿನೊಳಗೆ ಒಂದು ಕಾಲಿಟ್ಟ ಗೆರೆ ಮೇಸ್ತ್ರಿ ಇನ್ನೊಂದನ್ನು ಹೊರಗೇ ಮರೆತು ನಿಂತುಬಿಟ್ಟ, ಹಿಂದಿನಿಂದ ಯಾರೋ ಸ್ವಲ್ಪ ದಾರಿ ಬಿಡಿ ಯಜಮಾನ್ರೇ ಅಂದರು, ಬಿಡ್ತೀನಪ್ಪಾ ಬಿಡ್ತೀನಿ, ಮೊದಲು ಇಲ್ಲಿ ನೋಡು, ಚಿಗುರು ಒಡೆದಿದೆ — ಆತ ನೋಡಲೂ ಇಲ್ಲ, ಪಕ್ಕದಿಂದ ನುಸುಳಿಕೊಂಡು ಹೋದ, ಪಾಪ, ದಿನಾ ಕಾಣುವವರಿಗೆ ಏನು ಕಾಣುತ್ತದೆ. ಆಕಾಶವೂ ಹಾಗೇ, ಯಾರೋ ಬೆಳಗಾಗೆದ್ದು ತಿಕ್ಕಿ ತೊಳೆದು ಬೋರಲು ಹಾಕಿದ ಪಾತ್ರೆ, ಗೇಟಿನ ಸರಳಿಗೆ ತುಕ್ಕು ಹಿಡಿದಿದೆ, ಕಲ್ಲುಬೆಂಚಿನ ಬುಡದಲ್ಲಿ ಇರುವೆ ಸಾಲು, ಇರುವೆ! ನಿಂತಲ್ಲಿಂದ ಇರುವೆ ಕಾಣುತ್ತಿದೆ! ಬಲಗಣ್ಣಿನ ಪೊರೆ ತೆಗೆದು ಒಂದು ತಿಂಗಳು, ಎಡಗಣ್ಣಿನದು ಇನ್ನೂ ಹಾಗೇ ಇದೆ, ಅದರ ಸರದಿ ಮುಂದಕ್ಕೆ, ಡಾಕ್ಟರಮ್ಮ ಕೊಟ್ಟ ಕಪ್ಪು ಕನ್ನಡಕ ಆಗಲೇ ಜೇಬು ಸೇರಿದೆ, ಹೆಂಡತಿ ನೋಡಿದರೆ ಬೈಯುತ್ತಾಳೆ, ಬೈಯಲಿ, ತಿಂಗಳಿಡೀ ಮೂಲೆಯಲ್ಲಿ ಕೂತು ಹನಿ ಹಾಕಿಸಿಕೊಂಡದ್ದು ವಸಂತಕ್ಕೆ ಮಸಿ ಬಳಿದು ನೋಡುವುದಕ್ಕೇನು? ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ಅವಳ ಮುಖ, ಅಲ್ವೇ, ನಿನ್ನ ಕೂದಲು ಯಾವಾಗ ಬೆಳ್ಳಗಾಯ್ತೇ ಅಂದುಬಿಟ್ಟಿದ್ದ, ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಹೆಂಡತಿ ಮಾತ್ರ ನಗಲಿಲ್ಲ, ನಾಲ್ಕು ವರ್ಷ ಆಯ್ತು, ನಿಮಗೆ ಈಗ ಸುದ್ದಿ ಮುಟ್ಟಿತಾ ಅಂದಳು. ನಾಲ್ಕು ವರ್ಷ. ಅಂದರೆ ಪೊರೆಗೂ ಹತ್ತಿರಹತ್ತಿರ ಅಷ್ಟೇ ವಯಸ್ಸು, ಹೋಗಲಿ ಬಿಡು, ಹೋಯಿತಲ್ಲ.

ಇವತ್ತು ಕೆಲಸಕ್ಕೆ ಮರಳಿದ ಮೊದಲ ದಿನ. ಹೆಂಡತಿ ಮುಂದಾಗಿ ಬಂದು ಸಸಿಮನೆ ಸೇರಿದ್ದಾಳೆ, ತಗಡಿನ ಚಾವಣಿಯ ಕೆಳಗೆ ಎಳೆ ಸಸಿಗಳನ್ನು ತಟ್ಟೆಯಿಂದ ಕುಂಡಕ್ಕೆ ಬದಲಿಸುವುದು ಅವಳ ಕೆಲಸ, ಬೇಲಿ ಇವನದು, ಇಪ್ಪತ್ತೆಂಟು ವರ್ಷದಿಂದ ಇವನದು, ಗೇಟಿನಿಂದ ಕಾರಂಜಿಯವರೆಗೆ ಆಳೆತ್ತರಕ್ಕಿಂತ ಒಂದೂವರೆ ಮೊಳ ಹೆಚ್ಚಿನ ಬೇಲಿ, ದಾರ ಕಟ್ಟದೆ ಬರಿಗಣ್ಣಲ್ಲೇ ಗೆರೆ ಎಳೆದ ಹಾಗೆ ಕತ್ತರಿಸುತ್ತಾನೆಂದು ಗೆರೆ ಮೇಸ್ತ್ರಿ ಎಂಬ ಹೆಸರು ಬಿತ್ತು, ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಧೂಳು ತಿನ್ನುತ್ತಿದೆ. ದಾರ ಕಟ್ಟೋದು ಕಣ್ಣಿಲ್ಲದವರು, ಎಂದು ಎಷ್ಟು ಜನರ ಮುಂದೆ ಅಂದಿದ್ದಾನೋ, ನಾಲಿಗೆಗೆ ಎಲುಬಿಲ್ಲ ನೋಡು. ಹತ್ತು ಗಂಟೆಗೆ ಸಾಹೇಬರು ಬರುತ್ತಾರೆ, ಉದ್ಯಾನ ನೋಡಿಕೊಳ್ಳುವ ಸಾಹೇಬರು, ಒಳ್ಳೆಯವರೇ, ಆದರೆ ರಜೆ ಬರೆದುಕೊಡುವಾಗ ಆಡಿದ ಮಾತು ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನಂತೆ ತಿಂಗಳಿಡೀ ಕಾಡಿದೆ, ಕಣ್ಣು ಸರಿಹೋದ್ರೆ ಸರಿ ಮೇಸ್ತ್ರಿ, ಇಲ್ಲಾಂದ್ರೆ ಈ ಸಲ ಬೇಲಿನ ಮೆಷಿನ್‌ನವರಿಗೆ ಕೊಡ್ಬೇಕಾಗುತ್ತೆ, ಬಂದ ದಿನ ಬೇಲಿ ಹತ್ರಾನೇ ನಿಂತು ತೀರ್ಮಾನ ಮಾಡೋಣ. ಮೆಷಿನ್! ಗರ್ರ್ ಅನ್ನುತ್ತಾ ಚಿಗುರು ಯಾವುದು ಒಣಗಿದ್ದು ಯಾವುದು ಅಂತ ನೋಡದೆ ಎಲ್ಲದರ ತಲೆಯನ್ನೂ ಒಂದೇ ಸಮ ಬೋಳಿಸಿಕೊಂಡು ಹೋಗುವ ಅದರ ಕೈಗೆ ಈ ಬೇಲಿ ಕೊಡುವುದೇ, ಇವನು ಬದುಕಿರುವಾಗ? ಬೇಲಿ ಹೋದರೆ ಇವನಿಗೆ ಉಳಿಯುವುದು ನೀರಿನ ಪೈಪು ಎಳೆಯುವ ಕೆಲಸ, ಮತ್ತೆ ಆ ಹೆಸರು, ಪೈಪು ಎಳೆಯುವವನನ್ನು ಗೆರೆ ಮೇಸ್ತ್ರಿ ಅಂದರೆ ಅದು ಅಣಕವೇ. ಆದರೆ ಏನೂ ಆಗುವುದಿಲ್ಲ, ಕಣ್ಣು ಬಂದಿದೆ, ಇರುವೆ ಕಾಣುತ್ತಿದೆ, ಬರಲಿ ಸಾಹೇಬರು, ಒಂದು ಮಾರು ಬೇಲಿ ಅವರ ಎದುರಿಗೇ ಕತ್ತರಿಸಿ ತೋರಿಸಿದರಾಯಿತು.

ಸಾಮಾನಿನ ಕೋಣೆಯ ಬೀಗ ತೆಗೆದಾಗ ಎಣ್ಣೆ, ಗೋಣಿ, ಹಳೇ ಮಣ್ಣು ಒಟ್ಟಿಗೆ ಮೂಗಿಗೆ ಬಡಿದವು, ಆಹಾ, ಆಸ್ಪತ್ರೆಯ ವಾಸನೆ ಇದರ ಮುಂದೆ ಎಲ್ಲಿ, ದೊಡ್ಡ ಕತ್ತರಿ ಗೋಡೆಗೆ ನೇತುಬಿದ್ದು ಇವನನ್ನೇ ಕಾಯುತ್ತಿದೆ, ಅದರ ಬಾಯಿಗೆ ಕಲ್ಲು ಹಿಡಿದು ಎರಡು ಸಲ ಎಳೆದ, ಎರಡು ಹನಿ ಎಣ್ಣೆ, ಕಚಕ್ ಕಚಕ್, ಸರಿ, ಕೈಕತ್ತರಿ ಸೊಂಟಕ್ಕೆ, ಗೋಣಿಚೀಲ ಹೆಗಲಿಗೆ, ಏಣಿ ಎಳೆದುಕೊಂಡು ಹೊರಟರೆ ಅರುವತ್ತರ ಮುದುಕನಾ ಇವನು, ಮದುವೆಗೆ ಹೊರಟ ಹುಡುಗ! ಚಳಿ ಬಿಟ್ಟು ಚಿಗುರು ಒಡೆಯುವ ಈ ಹತ್ತು ಹದಿನೈದು ದಿನವೇ ಬೇಲಿಗೆ ಹದ, ಇದು ತಪ್ಪಿತೋ ವರ್ಷಪೂರ್ತಿ ತಲೆ ಕೆದರಿಕೊಂಡೇ ನಿಲ್ಲುತ್ತದೆ, ಮೊದಲು ಬುಡಕ್ಕೆ ಗೋಣಿ ಹಾಸಬೇಕು, ಆಮೇಲೆ ಎರಡೂ ಕೈ ಒಳಗೆ ತೂರಿಸಿ ಬೇಲಿಯನ್ನು ಚೆನ್ನಾಗಿ ಅಲುಗಾಡಿಸಬೇಕು, ನಿದ್ದೆಯಿಂದ ಏಳು ಮಾರಾಯ್ತಿ, ಸಾಕು ಮಲಗಿದ್ದು, ಒಣ ಎಲೆ ದರದರನೆ ಸುರಿಯಿತು, ಯಾರೋ ಎಸೆದ ಕಡಲೆಕಾಯಿ ಪೊಟ್ಟಣ, ಒಂದು ಗಾಳಿಪಟದ ಬಾಲ, ಹಬ್ಬಿದ್ದ ಬಳ್ಳಿಯನ್ನು ಬುಡದಿಂದ ಕಿತ್ತ, ಸತ್ತ ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದ, ಒಳಗೆ ಹಸಿರಿದೆ, ಸತ್ತಿಲ್ಲ, ನೀನೂ ಇರು. ಬೆವರು ಬಂತು. ಒಳ್ಳೆಯ ಬೆವರು. ಬೆಳಕು ಎಲೆಯ ಮೇಲೆ ಬಿದ್ದು ಎಲೆಯ ನರವೆಲ್ಲ ಕಾಣುತ್ತಿದೆ, ಒಂದೊಂದು ಎಲೆಗೂ ಅಂಗೈಯ ಹಾಗೆ ಗೆರೆ, ಇಷ್ಟು ಎಲೆ ಇದೆಯೇ ಈ ಬೇಲಿಗೆ, ಇಷ್ಟು ದಿನ ಹಸಿರು ಗೋಡೆಯೊಂದಕ್ಕೆ ಕತ್ತರಿ ಹಾಕಿದ್ದೆನಲ್ಲ, ಇದರಲ್ಲಿ ಎಲೆಗಳಿವೆ! ನಗು ಬಂತು, ಒಬ್ಬನೇ ನಕ್ಕ, ವಾಕಿಂಗ್ ಬಂದ ಹೆಂಗಸೊಬ್ಬರು ತಿರುಗಿ ನೋಡಿ ದೂರದಿಂದಲೇ ಸರಿದು ಹೋದರು.

ಇನ್ನು ನೆತ್ತಿ ನೋಡೋಣ ಅಂತ ಹತ್ತು ಹೆಜ್ಜೆ ಹಿಂದೆ ಸರಿದ, ಯಾವಾಗಲೂ ಹಾಗೇ, ಕತ್ತರಿಸುವ ಮೊದಲು ದೂರ ನಿಂತು ಹೋದ ಸಲದ ಗೆರೆ ನೋಡಿಕೊಳ್ಳಬೇಕು, ಹೊಸ ಗೆರೆ ಅದರ ಮೇಲೆಯೇ ಕೂರಬೇಕು — ಅಯ್ಯಯ್ಯೋ. ಇದೇನಿದು. ಬೇಲಿಯ ನೆತ್ತಿ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ, ಒಂಟೆ ಸಾಲು ಮಲಗಿದ ಹಾಗೆ, ಯಾವನೋ ಕಿಡಿಗೇಡಿ ತಾನಿಲ್ಲದಾಗ — ಇಲ್ಲ, ಹೊಸ ಕತ್ತರಿಯ ಗುರುತಿಲ್ಲ, ತಿಂಗಳಿಡೀ ಯಾರೂ ಮುಟ್ಟಿಲ್ಲ, ಇದು ತನ್ನದೇ. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದ, ಹಳೇ ಪೊರೆಯ ಕಣ್ಣು, ಆಹಾ, ನೆತ್ತಿ ನೂಲು ಹಿಡಿದ ಹಾಗೆ ನೆಟ್ಟಗಿದೆ, ಎಡಗಣ್ಣು ಮುಚ್ಚಿ ಬಲಗಣ್ಣು ತೆರೆದ, ಒಂಟೆ. ಮತ್ತೆ ಎಡಗಣ್ಣು, ನೂಲು. ಮತ್ತೆ ಬಲಗಣ್ಣು, ಒಂಟೆ. ಬೇಲಿಗೆ ಕಣ್ಣು ಹೊಡೆಯುತ್ತಾ ನಿಂತಿದ್ದಾನಲ್ಲಪ್ಪ ಈ ಮುದುಕ ಅಂತ ನೋಡಿದವರು ಏನಂದುಕೊಂಡಾರು, ಅಂದುಕೊಳ್ಳಲಿ, ಆದರೆ ನಾಲ್ಕು ವರ್ಷ, ನಾಲ್ಕು ವರ್ಷ ಏಣಿ ಮೇಲೆ ನಿಂತು ಈ ಒಂಟೆಗಳನ್ನೇ ಕಡೆದದ್ದು ಇವನು, ಕೆಳಗಿಳಿದು ಹೇಗಿದೆ ಅಂತ ಕೇಳಿದ್ದು, ಚೆನ್ನಾಗಿದೆ ಅಂತ ಊರೆಲ್ಲ ಹೇಳಿದ್ದು, ಥೂ, ಮರ್ಯಾದೆ ಹೋಯಿತಲ್ಲ, ದಾರ ಕಟ್ಟೋದು ಕಣ್ಣಿಲ್ಲದವರಂತೆ! ಹತ್ತಕ್ಕೆ ಸಾಹೇಬರು ಬರುತ್ತಾರೆ, ಇದನ್ನು ಅವರು ದಿನಾ ನೋಡಿಯೇ ಇರುತ್ತಾರೆ, ಅದಕ್ಕೇ ಆ ಮಾತು ಅಂದದ್ದು, ಅದಕ್ಕೇ ಮೆಷಿನ್.

ಇರು, ಇರು. ನೆತ್ತಿ ಒಂಟೆಯಾದರೆ ಪಕ್ಕ ಹೇಗೆ ನೆಟ್ಟಗಿದೆ? ಅದೇ ಕಣ್ಣು, ಅದೇ ಕೈ, ಅದೇ ಕತ್ತರಿ, ಪಕ್ಕಕ್ಕೆ ಬಂದರೆ ಬಲಗಣ್ಣಿಗೂ ನೂಲೇ, ಗೇಟಿನಿಂದ ಕಾರಂಜಿಯವರೆಗೆ ಗೋಡೆ ಸಾರಿಸಿದ ಹಾಗೆ, ಮೇಲಿನ ಒಂದೂವರೆ ಅಡಿ ಮಾತ್ರ ಕೆಟ್ಟಿದೆ, ಅದಕ್ಕಿಂತ ಕೆಳಗೆ ಕೂದಲಷ್ಟೂ ಆಚೀಚೆ ಇಲ್ಲ, ಇದ್ಯಾವ ಮಾಟ. ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿ ನೋಡಿದ, ಬಗ್ಗಬೇಡಿ ಅಂದಿದ್ದರು ಡಾಕ್ಟರಮ್ಮ, ಹೋಗಲಿ, ಹೋದ ಸಲ ಕತ್ತರಿಸಿದ ಕಡ್ಡಿಗಳ ತುದಿ ಬೂದುಬಣ್ಣಕ್ಕೆ ತಿರುಗಿ ನಿಂತಿವೆ, ದೊಡ್ಡ ಕತ್ತರಿಯ ಬಾಯಿಗೆ ಸಿಕ್ಕವು ಮೊಂಡಾಗಿ, ಸ್ವಲ್ಪ ಸಿಬಿರೆದ್ದು, ಇವು ತನ್ನವು, ಗೊತ್ತು, ಆದರೆ ಅವುಗಳ ನಡುವೆ ಬೇರೆ ತುದಿಗಳಿವೆ, ನಯವಾಗಿ, ಓರೆಯಾಗಿ, ಒಂದೊಂದೇ ಕಡ್ಡಿಯನ್ನು ಕೈಕತ್ತರಿಯಿಂದ ಕತ್ತರಿಸಿದ್ದು, ತಾನು ಉಬ್ಬು ಬಿಟ್ಟ ಕಡೆ ಉಬ್ಬು ಇಳಿಸಿದ್ದು, ತಾನು ಹೆಚ್ಚು ತೆಗೆದ ಕಡೆ ಸುತ್ತಲಿನದನ್ನು ಅದಕ್ಕೆ ಸರಿದೂಗಿಸಿದ್ದು, ಯಾರು? ಸೊಂಟದಿಂದ ಕೈಕತ್ತರಿ ತೆಗೆದು ಒಂದು ಕಡ್ಡಿ ಕತ್ತರಿಸಿ ನೋಡಿದ, ಇವನ ಓರೆ ಬಲಕ್ಕೆ ಇಳಿಯಿತು. ಆ ತುದಿಗಳೆಲ್ಲ ಎಡಕ್ಕೆ ಇಳಿದಿವೆ. ಇನ್ನೊಂದು ನೋಡಿದ, ಎಡಕ್ಕೆ. ಇನ್ನೊಂದು, ಎಡಕ್ಕೆ. ಬೇಲಿಯುದ್ದಕ್ಕೂ ಬಗ್ಗಿ ಬಗ್ಗಿ ನಡೆದ, ನೂರು ಇರಬಹುದು, ಸಾವಿರ ಇರಬಹುದು, ಎಲ್ಲ ಎಡಕ್ಕೆ ಇಳಿದ ಓರೆ, ಮತ್ತೆ ಅವು ಎಷ್ಟು ಎತ್ತರದವರೆಗೆ ಇವೆಯೆಂದು ಕೈಯೆತ್ತಿ ನೋಡಿದ — ತನ್ನ ಕೈಗಿಂತ ಒಂದು ಗೇಣು ಕೆಳಗೆ ನಿಂತಿವೆ, ತುದಿಗಾಲಲ್ಲಿ ನಿಂತ ಒಬ್ಬ ಗಿಡ್ಡ ಹೆಂಗಸಿನ ಕೈ ಎಟಕುವಷ್ಟು. ಅಲ್ಲಿಂದ ಮೇಲೆ ಒಂಟೆ.

ಇದು ನಾಚಿಕೆಯೋ ಖುಷಿಯೋ ಗೊತ್ತಾಗುತ್ತಿಲ್ಲ, ಎರಡೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಮಧ್ಯಾಹ್ನ ಊಟ ಮುಗಿಸಿ ಮರದ ಕೆಳಗೆ ಟವೆಲ್ಲು ಹಾಸಿ ಒಂದು ಗಂಟೆ ಗೊರಕೆ ಹೊಡೆಯುತ್ತಿದ್ದ, ಹೆಂಡತಿ, ನೀವು ಮಲಗಿ, ನಂಗೆ ಸಸಿಗೆ ನೀರು ಹಾಕೋದಿದೆ ಅನ್ನುತ್ತಿದ್ದಳು, ಸಾಯಂಕಾಲ ಕೈಮೇಲೆ ಗೀರು ಕಂಡು — ಕಂಡದ್ದೆಲ್ಲಿ, ತಡವಿದಾಗ ತಾಗಿದ್ದು — ಇದೇನೇ ಅಂದರೆ ಗುಲಾಬಿ ಕುಂಡ ಎತ್ತಿಟ್ಟೆ ಅನ್ನುತ್ತಿದ್ದಳು, ನಾಲ್ಕು ವರ್ಷ ದಿನಾ ಗುಲಾಬಿ ಕುಂಡ ಎತ್ತುತ್ತಾರೇನೇ ಯಾರಾದರೂ, ನಾನೆಂಥ ಪೆದ್ದ. ಎಡಗೈ. ಮದುವೆಯಾದ ಹೊಸದರಲ್ಲಿ ಇಲ್ಲೇ, ಇದೇ ಬೇಲಿಯ ಹತ್ತಿರ, ನಾನೂ ಒಂದು ಕೈ ನೋಡ್ಲಾ ಅಂತ ಕೈಕತ್ತರಿ ಎತ್ತಿಕೊಂಡಿದ್ದಳು, ಎಡಗೈಯಲ್ಲಿ, ಇವನು ಕಿತ್ತುಕೊಂಡು, ಎಡಚಿ ಕೈಗೆ ಕತ್ತರಿ ಕೊಟ್ರೆ ಬೇಲಿ ಕೆಡುತ್ತೆ, ಹೋಗಿ ಮಣ್ಣು ಕಲಸು ಹೋಗು ಅಂದಿದ್ದ, ಕೆಲಸದವರೆಲ್ಲ ನಕ್ಕಿದ್ದರು, ಇವನು ಎಲ್ಲರಿಗಿಂತ ಜೋರಾಗಿ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋದಳು. ಅಂದಿನಿಂದ ಜನರ ಎದುರಿಗೆ ಅವಳು ಎಲ್ಲವನ್ನೂ ಬಲಗೈಯಲ್ಲೇ ಮಾಡುತ್ತಾಳೆ, ಕೊಡುವುದು, ತೆಗೆದುಕೊಳ್ಳುವುದು, ಎಲ್ಲ, ಇದು ಇವನಿಗೆ ಈಗ ಹೊಳೆಯುತ್ತಿದೆ, ಈ ನಿಮಿಷದಲ್ಲಿ, ಎಡಕ್ಕೆ ಇಳಿದ ಒಂದು ತುದಿಯ ಮೇಲೆ ಹೆಬ್ಬೆರಳಿಟ್ಟು ನಿಂತಿರುವಾಗ.

ಏನ್ ಮೇಸ್ತ್ರಿ, ಬಂದ್ರಾ, ಕಣ್ಣು ಹೇಗಿದೆ — ಸಾಹೇಬರು, ಹತ್ತಾಯಿತೇ ಆಗಲೇ, ಅವರ ಹಿಂದೆ ಹೆಂಡತಿ, ಮಣ್ಣುಗೈಯಲ್ಲೇ ಸಸಿಮನೆಯಿಂದ ಓಡಿಬಂದಿದ್ದಾಳೆ, ಕನ್ನಡಕ ಎಲ್ರೀ ಅಂತ ಕಣ್ಣಲ್ಲೇ ಗದರುತ್ತಿದ್ದಾಳೆ. ಚೆನ್ನಾಗಿದೆ ಸಾಹೇಬ್ರೇ, ಬಹಳ ಚೆನ್ನಾಗಿದೆ, ಅಂದ. ಸಾಹೇಬರು ನೆತ್ತಿಯನ್ನೇ ನೋಡುತ್ತಿದ್ದಾರೆ, ಮುಗಿಯಿತು, ಈಗ ಮೆಷಿನ್ ಅನ್ನುತ್ತಾರೆ, ಅವರು ನಕ್ಕರು, ಈ ಅಲೆ ಇದ್ಯಲ್ಲ ಮೇಸ್ತ್ರಿ, ಜನ ಇದರ ಮುಂದೆ ನಿಂತು ಫೋಟೋ ತೆಗೆಸ್ಕೋತಾರೆ ಗೊತ್ತಾ, ಮೊದಮೊದಲು ನಂಗೆ ಅರ್ಥ ಆಗ್ಲಿಲ್ಲ, ನಿಮ್ಮ ಮನೆಯವ್ರೇ ಹೇಳಿದ್ರು, ಇದು ಹೊಸ ಮಾದರಿ, ಮೇಲೆ ಅಲೆ, ಪಕ್ಕ ನೂಲು, ಬೇಕೂಂತ್ಲೇ ಮಾಡ್ತಾರೆ ಅಂತ. ಇವನು ಹೆಂಡತಿಯತ್ತ ನೋಡಿದ, ಅವಳು ಮರದಲ್ಲಿ ಯಾವುದೋ ಹಕ್ಕಿ ನೋಡುತ್ತಿದ್ದಾಳೆ, ಅಲ್ಲಿ ಹಕ್ಕಿಯೇ ಇಲ್ಲ. ಸಾಹೇಬರ ಮಾತು ಇನ್ನೂ ಮುಗಿದಿಲ್ಲ, ಕಾರಂಜಿ ಆಚೆ ಹೊಸ ಬೇಲಿ ಎದ್ದಿದೆ, ಅದಕ್ಕೂ ಹೀಗೇ ಆಗ್ಬೇಕು, ಆಗುತ್ತಾ, ಮೆಷಿನ್‌ನವನಿಗೆ ಬೇಡ ಅಂತ ಹೇಳ್ಬಿಡ್ಲಾ? ಒಂದು ಹೂಂ ಸಾಕು. ಬೇಲಿ ಉಳಿಯಿತು, ಹೆಸರು ಉಳಿಯಿತು, ಹೊಸ ಬೇಲಿಯೂ ಬಂತು, ಹೂಂ ಅಂದುಬಿಡೋ ಮಹರಾಯ, ಅವಳೂ ಅದನ್ನೇ ಹೇಳುತ್ತಿದ್ದಾಳೆ, ಸಾಹೇಬರ ಬೆನ್ನ ಹಿಂದೆ ತಲೆ ಅಲ್ಲಾಡಿಸುತ್ತಾ ಹೂಂ ಅನ್ನಿ, ಹೂಂ ಅನ್ನಿ, ಆದರೆ ಹೆಬ್ಬೆರಳಿನ ಕೆಳಗೆ ಆ ತುದಿ ಇನ್ನೂ ಇದೆ, ನಯವಾಗಿ, ಎಡಕ್ಕೆ ಇಳಿದು, ಇನ್ನು ಇದನ್ನು ಕಂಡೂ ಕಾಣದ ಹಾಗಿರಬೇಕಾದರೆ ಬಲಗಣ್ಣಿಗೆ ಮತ್ತೆ ಪೊರೆ ಬರಬೇಕು. ಸಾಹೇಬ್ರೇ, ಇದ್ರಲ್ಲಿ ಮಾದರಿಗೀದರಿ ಏನಿಲ್ಲ, ಬಾಯಿ ತಾನಾಗಿ ಆಡುತ್ತಿದೆ, ಮೇಲಿಂದು ನನ್ನ ಪೊರೆ, ಪಕ್ಕದ್ದು ಇವಳ ಕೈ. ಏನು ಅಂದ್ರಿ, ಅಂದರು ಸಾಹೇಬರು. ನಂಗೆ ಕಣ್ಣು ಕಾಣ್ತಿರ್ಲಿಲ್ಲ, ನಾಲ್ಕು ವರ್ಷ, ನಾನು ಕೆಡಿಸಿದ್ದನ್ನ ಇವಳು ಸರಿ ಮಾಡಿದ್ದಾಳೆ, ನಾನು ಮಲಗಿದ್ದಾಗ, ಕೈ ಎಟಕೋವರೆಗೂ, ಎಟಕದೇ ಇದ್ದದ್ದಕ್ಕೆ ನಿಮ್ಗೆ ಸುಳ್ಳು ಹೇಳಿದ್ದಾಳೆ. ಸುಮ್ನಿರ್ರೀ, ಅಂದಳು ಅವಳು, ನಿಮಗೇನಾದ್ರೂ ತಲೆ ಕೆಟ್ಟಿದ್ಯಾ. ಕೆಟ್ಟಿಲ್ಲ ಕಣೇ, ಬಾ ಇಲ್ಲಿ, ಸಾಹೇಬರಿಗೆ ತೋರಿಸು, ಕೈಕತ್ತರಿ ಅವಳ ಮುಂದೆ ಹಿಡಿದ, ಅವಳು ಸಾಹೇಬರನ್ನು ನೋಡಿದಳು, ಇವನನ್ನು ನೋಡಿದಳು, ಮಣ್ಣನ್ನು ಸೆರಗಿಗೆ ಒರೆಸಿಕೊಂಡು ಕೈ ಚಾಚಿದಳು, ಬಲಗೈ.

ಆ ಕೈ ಅಲ್ಲ ಕಣೇ, ನಿನ್ನ ಕೈ. ಅವಳ ಮುಖದಲ್ಲಿ ಏನೋ ಆಯಿತು, ನಗುವೋ ಅಳುವೋ, ಇಷ್ಟು ಒಳ್ಳೆಯ ಕಣ್ಣಿಗೂ ಅದು ತಿಳಿಯಲಿಲ್ಲ, ಕೈಕತ್ತರಿ ಎಡಗೈಗೆ ಹೋಯಿತು, ಎಷ್ಟು ಸಲೀಸಾಗಿ ಕೂತಿತು ಅಲ್ಲಿ, ಅವಳು ಬಗ್ಗಿ ಒಂದು ಕಡ್ಡಿ ಹಿಡಿದು ಒಂದು ಕ್ಷಣ ಅಳತೆ ನೋಡಿದಳು, ಟಕ್. ಸಾಹೇಬರು ಏನೋ ಹೇಳುತ್ತಿದ್ದಾರೆ, ಹಾಗಾದ್ರೆ ಹೊಸ ಬೇಲಿಗೆ ಇಬ್ಬರ ಹೆಸರೂ ಬರ್ಕೋಬೇಕಲ್ಲ ಅಂತಲೋ, ಇವರಿಗೂ ಒಂದು ಏಣಿ ಕೊಡಿಸೋಣ ಅಂತಲೋ, ಇರಬಹುದು, ಆಮೇಲೆ ಕೇಳಿದರಾಯಿತು, ಈಗ ಕಣ್ಣು ಅಲ್ಲಿಂದ ಏಳುತ್ತಿಲ್ಲ, ಹೊಸದಾಗಿ ಕತ್ತರಿಸಿದ ತುದಿ, ಬೆಳ್ಳಗೆ, ಒದ್ದೆಯಾಗಿ, ಎಡಕ್ಕೆ ಇಳಿದು —